ಸಂಗೀತ ವಿದ್ಯಾರ್ಥಿಗಳ ದೇಹಪ್ರಜ್ಞೆ ಮತ್ತು ವೇದಿಕೆಯ ಸಂವಹನ

ಹಾಡುವಾಗ ಅಥವಾ ವಾದ್ಯ ನುಡಿಸುವಾಗ ತನ್ನ ಮೈ ಹೇಗಿದೆ, ಉಸಿರು ಎಲ್ಲಿ ತುಂಬುತ್ತಿದೆ, ಯಾವ ಸ್ನಾಯು ಬೇಕಿಲ್ಲದೆ ಬಿಗಿದುಕೊಂಡಿದೆ ಎಂಬುದು ಆ ಕ್ಷಣದಲ್ಲೇ ಕಲಾವಿದನ ಅರಿವಿಗೆ ಬರುವುದೇ ದೇಹಪ್ರಜ್ಞೆ. ಕಣ್ಣು, ಕೈ, ತಲೆಯಾಡಿಸುವುದು, ಉಸಿರೆಳೆದುಕೊಳ್ಳುವುದು ಇವುಗಳ ಮೂಲಕ ಜೊತೆಯ ಕಲಾವಿದರಿಗೂ ಎದುರಿನ ಶ್ರೋತೃಗಳಿಗೂ ಮಾತಿಲ್ಲದೆ ವಿಷಯ ಮುಟ್ಟಿಸುವುದು ವೇದಿಕೆಯ ಸಂವಹನ. ನಮ್ಮ ಸಂಗೀತ ಪಾಠದಲ್ಲಿ ಮೊದಲನೆಯದನ್ನು ಗುರುವನ್ನು ನೋಡಿ ಕಲಿಯಲಿ ಎಂದು ಬಿಡಲಾಗಿದೆ. ಎರಡನೆಯದು ಕಛೇರಿ ಮಾಡುತ್ತ ಮಾಡುತ್ತ ತಾನಾಗಿ ಬರುತ್ತದೆ ಎಂಬ ನಂಬಿಕೆ ಬಲವಾಗಿದೆ. ಹೀಗೆ ಬಿಟ್ಟದ್ದರಿಂದ ಸ್ವರ, ತಾಳ, ಸಾಹಿತ್ಯ ಎಲ್ಲವೂ ಶುದ್ಧವಾಗಿರುವ ವಿದ್ಯಾರ್ಥಿಗಳು ಕೂಡ ವೇದಿಕೆ ಹತ್ತಿದೊಡನೆ ಅರ್ಧ ವಿದ್ಯೆಯನ್ನು ಕಳೆದುಕೊಳ್ಳುತ್ತಾರೆ. ಇವೆರಡೂ ಬೇರೆ ಬೇರೆ ವಿದ್ಯೆಗಳಲ್ಲ. ಕತ್ತು ಬಿಗಿದು ಕೂತವನಿಗೆ ಮೃದಂಗದವರತ್ತ ತಿರುಗಿ ನೋಡುವುದಕ್ಕೇ ಆಗುವುದಿಲ್ಲ. ಉಸಿರು ಮೇಲೆಯೇ ಆಡುತ್ತಿರುವವನು ಮುಂದಿನ ಸಂಗತಿ ಎಲ್ಲಿ ಹುಟ್ಟುತ್ತದೆಂದು ಪಿಟೀಲಿನವರಿಗೆ ತಿಳಿಸಲಾರ. ಮೈ ಹದವಾಗಿದ್ದರೆ ಸಂವಹನದ ಮುಕ್ಕಾಲು ಪಾಲು ತಾನೇ ನಡೆಯುತ್ತದೆ.

ಶಾಸ್ತ್ರಗ್ರಂಥಗಳಲ್ಲಿ ದೇಹ

ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲಿ ರಚಿಸಿದ ‘ಸಂಗೀತರತ್ನಾಕರ’ ಏಳು ಅಧ್ಯಾಯಗಳ ದೊಡ್ಡ ಗ್ರಂಥ. ಅದರ ಮೊದಲ ಅಧ್ಯಾಯದಲ್ಲಿ ಶ್ರುತಿ, ಸ್ವರಗಳ ವಿಚಾರಕ್ಕೆ ಮುಂಚೆಯೇ ಪಿಂಡೋತ್ಪತ್ತಿ ಪ್ರಕರಣ ಬರುತ್ತದೆ. ಗರ್ಭದಲ್ಲಿ ಶರೀರ ರೂಪುಗೊಳ್ಳುವ ಬಗೆ, ಧಾತುಗಳು, ನಾಡಿಗಳು, ಚಕ್ರಗಳು ಎಲ್ಲವನ್ನೂ ವಿವರಿಸಿದ ಮೇಲೆಯೇ ಗ್ರಂಥಕಾರ ನಾದಕ್ಕೆ ಬರುತ್ತಾನೆ. ನುಡಿಯಬೇಕೆಂಬ ಇಚ್ಛೆ ಮನಸ್ಸನ್ನು, ಮನಸ್ಸು ದೇಹದ ಅಗ್ನಿಯನ್ನು, ಅಗ್ನಿ ವಾಯುವನ್ನು ಪ್ರೇರಿಸುತ್ತದೆ. ಆ ವಾಯು ನಾಭಿಯಿಂದ ಮೇಲೇರಿ ಹೃದಯ, ಕಂಠ, ಶಿರಸ್ಸುಗಳನ್ನು ಹಾದು ಬಾಯಲ್ಲಿ ಧ್ವನಿಯಾಗುತ್ತದೆ ಎಂಬುದು ಅವನ ನಿರೂಪಣೆ. ಮಂದ್ರಸ್ಥಾಯಿಗೆ ಹೃದಯ, ಮಧ್ಯಕ್ಕೆ ಕಂಠ, ತಾರಕ್ಕೆ ಶಿರಸ್ಸು ನೆಲೆಯೆಂದು ಹೇಳಿದ್ದೂ ಇದೇ ಸಂದರ್ಭದಲ್ಲಿ. ತ್ಯಾಗರಾಜರ ‘ಶೋಭಿಲ್ಲು ಸಪ್ತಸ್ವರ’ ಕೃತಿಯಲ್ಲಿಯೂ ಸ್ವರಗಳು ನೆಲೆಸುವ ದೇಹಸ್ಥಾನಗಳ ಉಲ್ಲೇಖವಿದೆ.

ಇಂದಿನ ಶರೀರಶಾಸ್ತ್ರದ ಪ್ರಕಾರ ಧ್ವನಿ ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯ ಎರಡು ಧ್ವನಿತಂತುಗಳಲ್ಲಿ. ಎದೆಯಲ್ಲಿ, ನೆತ್ತಿಯಲ್ಲಿ ತಿಳಿಯುವುದು ಅದರ ಅನುರಣನ ಮಾತ್ರ. ಆದರೂ ವಿದ್ಯಾರ್ಥಿಯ ಮಟ್ಟಿಗೆ ಶಾರ್ಙ್ಗದೇವನ ವಿವರಣೆ ಹಳತಾಗಿಲ್ಲ. ಹಾಡುವವನಿಗೆ ತನ್ನ ಕಂಠ ತಲೆಬುರುಡೆಯ ಎಲುಬಿನ ಮೂಲಕವೂ ಕೇಳಿಸುವುದರಿಂದ ಅದು ಹೊರಗಿನವರಿಗೆ ಕೇಳುವಂತೆ ಅವನಿಗೆ ಎಂದೂ ಕೇಳುವುದಿಲ್ಲ. ಮಂದ್ರ ಪಂಚಮದಲ್ಲಿ ಎದೆಗೂಡು ಸಣ್ಣಗೆ ಅದುರುವುದು, ತಾರ ಷಡ್ಜದಲ್ಲಿ ಹಣೆ, ಮೂಗಿನ ಬುಡದಲ್ಲಿ ಝೇಂಕಾರ ತಿಳಿಯುವುದು ಇವೇ ಅವನ ಕೈಗೆ ಸಿಗುವ ನಂಬಿಕೆಯ ಗುರುತುಗಳು.

‘ಸಂಗೀತರತ್ನಾಕರ’ಕ್ಕೂ ಹಿಂದಿನ ‘ನಾರದೀಯ ಶಿಕ್ಷೆ’ ಎರಡು ವೀಣೆಗಳನ್ನು ಹೇಳುತ್ತದೆ: ಮರದ ದಾರವೀ ವೀಣೆ ಮತ್ತು ದೇಹವೇ ಆದ ಗಾತ್ರವೀಣೆ. ಸಾಮಗಾನ ಮಾಡುವವರು ಹೆಬ್ಬೆರಳನ್ನು ಬೇರೆ ಬೇರೆ ಬೆರಳುಗಳಿಗೆ ಮುಟ್ಟಿಸಿ ಸ್ವರಗಳನ್ನು ತೋರಿಸುವ ಕ್ರಮ ಇಂದಿಗೂ ಉಳಿದಿದೆ. ಯೂರೋಪಿನಲ್ಲಿ 11ನೇ ಶತಮಾನದ ಗ್ವೀಡೊನ ಹೆಸರಿನಲ್ಲಿ ಪ್ರಸಿದ್ಧವಾದ, ಅಂಗೈಯ ಗೆಣ್ಣುಗಳ ಮೇಲೆ ಸ್ವರಗಳನ್ನು ಗುರುತಿಸುವ ಪದ್ಧತಿಯೂ ಇದೇ ಜಾತಿಯದು. ಸ್ವರವನ್ನು ಕಿವಿಯ ಜೊತೆಗೆ ಕೈಗೂ ಕಲಿಸಬೇಕೆಂದು ದೂರದೂರದ ಎರಡು ಪರಂಪರೆಗಳು ಸ್ವತಂತ್ರವಾಗಿ ಕಂಡುಕೊಂಡದ್ದು ಗಮನಾರ್ಹ.

ವಿದ್ಯಾರ್ಥಿಗಳಿಗೆ ನೇರವಾಗಿ ಬೇಕಾದದ್ದು ‘ಸಂಗೀತರತ್ನಾಕರ’ದ ಮೂರನೆಯ, ಪ್ರಕೀರ್ಣಕ ಅಧ್ಯಾಯದಲ್ಲಿದೆ. ಅಲ್ಲಿ ಗಾಯಕನ 25 ದೋಷಗಳ ಪಟ್ಟಿಯಿದೆ. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ. ಸುಸ್ ಎಂದು ಉಸಿರಿನ ಸದ್ದು ಮಾಡುವವನು ಸೂತ್ಕಾರಿ. ಬಾಯಿ ವಿಕಾರವಾಗಿ ತೆರೆಯುವವನು ಕರಾಲಿ. ಒಂಟೆಯ ಹಾಗೆ ಕತ್ತು ಚಾಚುವವನು ಕರಭ. ಹಣೆ, ಮುಖ, ಕೊರಳಿನ ನರಗಳು ಉಬ್ಬುವಂತೆ ಹಾಡುವವನು ಝೋಂಬಕ. ಕೆನ್ನೆಯನ್ನು ಸೋರೆಬುರುಡೆಯಂತೆ ಉಬ್ಬಿಸುವವನು ತುಂಬಕಿ. ಕತ್ತು ಕೊಂಕಿಸುವವನು ವಕ್ರೀ. ಮೈಕೈ ಹರಡುವವನು ಪ್ರಸಾರಿ. ಕಣ್ಣು ಮುಚ್ಚಿ ಹಾಡುವವನು ನಿಮೀಲಕ. ಭೀತ, ಶಂಕಿತ, ಕಂಪಿತ ಎಂಬ ಮೂರು ವೇದಿಕೆಯ ಅಂಜಿಕೆಗೆ ಸಂಬಂಧಿಸಿದವು. ಅನವಧಾನ ಎಂಬುದು ಗಮನ ತಪ್ಪಿದ ಹಾಡಿಕೆ. ಅಪಸ್ವರ, ವಿತಾಲಗಳಂಥ ನೇರ ಸಂಗೀತದೋಷಗಳ ಜೊತೆಗೇ, ಅವಕ್ಕೆ ಸರಿಸಮವಾಗಿ ಶಾರ್ಙ್ಗದೇವ ಇವನ್ನೆಲ್ಲ ಇಟ್ಟಿದ್ದಾನೆ. ಶಾಸ್ತ್ರಪತ್ರಿಕೆಗೆ ಓದುವವರು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಹಾಡಲು ಕೂತಾಗ ಕನ್ನಡಿಯ ಮುಂದಿಟ್ಟು ಅದನ್ನು ತಾಳೆ ನೋಡುವವರು ಕಡಿಮೆ. ವಿಜಯನಗರದ ಇಮ್ಮಡಿ ದೇವರಾಯನ ಕಾಲದ ಕಲ್ಲಿನಾಥ ಈ ಗ್ರಂಥಕ್ಕೆ ‘ಕಲಾನಿಧಿ’ ವ್ಯಾಖ್ಯಾನ ಬರೆದುದರಿಂದ ಕನ್ನಡನಾಡಿನ ವಿದ್ವಾಂಸರಿಗೆ ಇದು ಹಿಂದಿನಿಂದಲೂ ಪರಿಚಿತ.

ಅದೇ ಅಧ್ಯಾಯದಲ್ಲಿ ವೃಂದದ, ಅಂದರೆ ಮೇಳದ ಆರು ಗುಣಗಳೂ ಬರುತ್ತವೆ. ಮುಖ್ಯಗಾಯಕನನ್ನು ಅನುಸರಿಸುವುದು, ಪರಸ್ಪರ ಕೂಡಿಕೊಳ್ಳುವುದು, ತಾಳದಲ್ಲಿ ಲೀನವಾಗಿ ನಡೆಯುವುದು, ಒಬ್ಬರು ತಪ್ಪಿದಾಗ ಇನ್ನೊಬ್ಬರು ಅದನ್ನು ತುಂಬಿ ನಿಭಾಯಿಸುವುದು, ಮೂರೂ ಸ್ಥಾಯಿಗಳಲ್ಲಿ ಸಂಚರಿಸಬಲ್ಲ ಶಕ್ತಿ, ಧ್ವನಿಗಳ ಹೋಲಿಕೆ. ಆರರಲ್ಲಿ ನಾಲ್ಕು ಜೊತೆಯವರನ್ನು ಗಮನಿಸುವ ಗುಣಗಳೇ. ತಪ್ಪಾಗದಂತೆ ನೋಡಿಕೊಳ್ಳುವುದಕ್ಕಿಂತ ತಪ್ಪಾದಾಗ ಪರಸ್ಪರ ಕಾಯುವುದನ್ನು ಗುಣವೆಂದು ಎಣಿಸಿರುವುದು ಕಛೇರಿಯ ಅನುಭವವಿದ್ದವರಿಗೆ ಮಾತ್ರ ಹೊಳೆಯುವ ಮಾತು.

ಕೂರುವ ಬಗೆ, ಉಸಿರು, ಕಂಠ

ಭಾರತೀಯ ಸಂಗೀತದ ಹೆಚ್ಚಿನ ಪಾಲು ನೆಲದ ಮೇಲೆ ಕೂತು ನಡೆಯುತ್ತದೆ. ಚಕ್ಕಳಮಕ್ಕಳ ಹಾಕಿದಾಗ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಸೊಂಟದ ಎಲುಬು ಹಿಂದಕ್ಕೆ ವಾಲುತ್ತದೆ, ಬೆನ್ನಿನ ಕೆಳಭಾಗ ಗೂನಾಗುತ್ತದೆ, ಪಕ್ಕೆಲುಬುಗಳು ಹೊಟ್ಟೆಯ ಮೇಲೆ ಕುಸಿಯುತ್ತವೆ. ವಪೆ ಕೆಳಗಿಳಿಯಲು ಜಾಗವಿಲ್ಲದೆ ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಉದ್ದನೆಯ ಕಾರ್ವೆಯಲ್ಲಿ ಶ್ರುತಿ ಇಳಿಯುವ ಹುಡುಗನಿಗೆ “ಶ್ರುತಿ ನೋಡಿಕೋ” ಎಂದು ಹತ್ತು ಸಲ ಹೇಳುವ ಬದಲು, ಕುಂಡೆಯ ಕೆಳಗೆ ಮಡಿಸಿದ ಜಮಖಾನವೊಂದನ್ನು ಇಟ್ಟರೆ ಹಲವು ವೇಳೆ ದೋಷ ಅಲ್ಲಿಗೇ ಪರಿಹಾರವಾಗುತ್ತದೆ. ಈಗಿನ ಮಕ್ಕಳು ಮನೆಯಲ್ಲೂ ಶಾಲೆಯಲ್ಲೂ ಕುರ್ಚಿಯ ಮೇಲೆ ಬೆಳೆಯುವುದರಿಂದ ನೆಲದ ಮೇಲೆ ಒಂದು ಗಂಟೆ ಕೂರುವುದನ್ನೇ ಅವರಿಗೆ ಬೇರೆಯಾಗಿ ಅಭ್ಯಾಸ ಮಾಡಿಸಬೇಕಾಗಿದೆ.

ಪಿಟೀಲಿನ ಉದಾಹರಣೆ ಇನ್ನೂ ಸ್ಪಷ್ಟ. ಯೂರೋಪಿನಲ್ಲಿ ನಿಂತು ಅಥವಾ ಕುರ್ಚಿಯಲ್ಲಿ ಕೂತು, ಗದ್ದಕ್ಕೆ ಒತ್ತಿಕೊಂಡು ನುಡಿಸುವ ಈ ವಾದ್ಯ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ (1786–1858) ಕಾಲದಲ್ಲಿ ಕರ್ನಾಟಕ ಸಂಗೀತಕ್ಕೆ ಬಂತು. ಇಲ್ಲಿ ಅದು ನೆಲಕ್ಕಿಳಿಯಿತು. ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ವಾದ್ಯದ ತಲೆಯನ್ನು ಬಲಪಾದದ ಕೀಲಿನ ಬಳಿ ಊರಿ, ಬುಡವನ್ನು ಎಡ ಎದೆ ಮತ್ತು ಭುಜದ ನಡುವೆ ಆನಿಸುವುದು ರೂಢಿಯಾಯಿತು. ಇದರಿಂದ ಎಡಗೈಗೆ ವಾದ್ಯದ ಭಾರ ಹೊರುವ ಕೆಲಸ ತಪ್ಪಿತು. ಜಾರು, ಗಮಕಗಳಿಗೆ ಅದು ತಂತಿಯ ಉದ್ದಕ್ಕೂ ಸಲೀಸಾಗಿ ಓಡಾಡತೊಡಗಿತು. ಸಂಗೀತದ ಅಗತ್ಯಕ್ಕೆ ದೇಹವೇ ಹೊಸ ಭಂಗಿ ಕಂಡುಕೊಂಡ ಇಂಥ ನಿದರ್ಶನಗಳು ಅಪರೂಪ. ಆದರೆ ಈ ಭಂಗಿಗೆ ತನ್ನದೇ ತೊಂದರೆಗಳಿವೆ. ಕಲಿಯುವವನ ಬಲಗಾಲು ಜೋಮು ಹಿಡಿದು ಎರಡು ಬೆರಳಿನಷ್ಟು ಮುಂದೆ ಸರಿದರೂ ಸಾಕು, ವಾದ್ಯದ ಹಿಂದೆಯೇ ಬೆನ್ನು ಬಾಗುತ್ತದೆ, ಎಡಭುಜ ಕಿವಿಯತ್ತ ಏರುತ್ತದೆ, ಕತ್ತು ಎಡಕ್ಕೆ ವಾಲುತ್ತದೆ. ಗಮಕ ಮೊಂಡಾಗುವುದು ಕೇಳಿಸುತ್ತದೆಯೇ ಹೊರತು ಅದರ ಮೂಲ ಪಾದದಲ್ಲಿದೆಯೆಂದು ಯಾರಿಗೂ ತೋರುವುದಿಲ್ಲ. ವೀಣೆಯಲ್ಲಿ ಎಡಮಣಿಕಟ್ಟಿನ ಮಡಿಕೆ, ಮೃದಂಗದಲ್ಲಿ ಹೆಗಲ ಬಿಗಿತ, ಕೊಳಲಿನಲ್ಲಿ ಕತ್ತಿನ ತಿರುವು ಹೀಗೆ ಪ್ರತಿ ವಾದ್ಯಕ್ಕೂ ಅದರದೇ ಆದ ಸೂಕ್ಷ್ಮ ಸ್ಥಾನಗಳಿವೆ.

ಹಾಡುಗಾರಿಕೆಯಲ್ಲಿ ಉಸಿರಿನ ಪಾಠ ಎರಡು ದಾರಿಗಳಿಂದ ಬರುತ್ತದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ನಸುಕಿನ ಖರಜ ಸಾಧಕ, ಅಂದರೆ ಮಂದ್ರ ಷಡ್ಜದಲ್ಲಿ ದೀರ್ಘಕಾಲ ನಿಲ್ಲುವುದು, ದೇಹವನ್ನೇ ತಂಬೂರಿಗೆ ಹೊಂದಿಸುವ ಅಭ್ಯಾಸ. ಕರ್ನಾಟಕ ಪದ್ಧತಿಯಲ್ಲಿ ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಸರಳೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ಅಕಾರದಲ್ಲಿ ಹಾಡಿಸುವುದರಿಂದ ಉಸಿರಿನ ಲೆಕ್ಕ ಮೈಗೂಡುತ್ತದೆ. ಸಾಹಿತ್ಯ ಬಂದ ಮೇಲೆ ಹೊಸ ಹೊಣೆ: ಪದ ಒಡೆಯದಂತೆ, ಅರ್ಥ ಕೆಡದಂತೆ ಎಲ್ಲಿ ಉಸಿರೆಳೆಯಬೇಕೆಂದು ಗುರುತು ಹಾಕಿಕೊಳ್ಳಬೇಕು. ದೇವರನಾಮವನ್ನು ಹಾಡುವ ಮಗು ಪದದ ನಡುವೆ ಉಸಿರೆಳೆದರೆ ಅದು ಉಸಿರಿನ ದೋಷವೂ ಹೌದು, ಸಂವಹನದ ದೋಷವೂ ಹೌದು.

ಗಂಡುಮಕ್ಕಳ ಕಂಠ ಒಡೆಯುವ ಹರೆಯದ ಕಾಲ ಸಂಗೀತ ಶಿಕ್ಷಣದಲ್ಲಿ ಬಹಳ ಸೂಕ್ಷ್ಮವಾದದ್ದು. ಧ್ವನಿಪೆಟ್ಟಿಗೆ ವೇಗವಾಗಿ ಬೆಳೆದು ಧ್ವನಿತಂತುಗಳು ಉದ್ದವಾಗುತ್ತವೆ. ವಯಸ್ಕ ಗಂಡಸರಲ್ಲಿ ಅವು ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ ಸುಮಾರು 12ರಿಂದ 17 ಮಿಲಿಮೀಟರ್ ಇರುತ್ತವೆ. ಹುಡುಗನ ಶ್ರುತಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಈ ತಿಂಗಳುಗಳಲ್ಲಿ ಹಳೆಯ ಶ್ರುತಿಯಲ್ಲೇ ಹಾಡಿಸುವುದು ಹಿಂಸೆ. ಶ್ರುತಿ ತಗ್ಗಿಸಿ, ಸಲೀಸಾಗಿ ಬರುವಷ್ಟೇ ಸ್ವರಗಳಲ್ಲಿ ಹಾಡಿಸಿ, ಉಳಿದ ಹೊತ್ತನ್ನು ಲಯಕ್ಕೋ ವಾದ್ಯಕ್ಕೋ ಕೊಡಿಸುವ ಗುರು ಆ ಮಗುವಿನ ಸಂಗೀತವನ್ನೇ ಉಳಿಸುತ್ತಾನೆ. ಹೆಣ್ಣುಮಕ್ಕಳಲ್ಲಿಯೂ ಆ ವಯಸ್ಸಿನಲ್ಲಿ ಕಂಠ ಬದಲಾಗುತ್ತದೆ. ಬದಲಾವಣೆ ಅಷ್ಟು ದೊಡ್ಡದಲ್ಲವಾದ್ದರಿಂದ ಯಾರೂ ಗಮನಿಸುವುದಿಲ್ಲ.

ದೇಹ ಬದಲಾದಾಗ ಸಂಗೀತವನ್ನು ಹೊಸದಾಗಿ ಕಟ್ಟಿಕೊಂಡ ಇಬ್ಬರು ಕನ್ನಡನಾಡಿನವರೇ ಇದ್ದಾರೆ. ಗಂಗೂಬಾಯಿ ಹಾನಗಲ್ (1913–2009) ಎಳೆಯ ವಯಸ್ಸಿನ ಧ್ವನಿಮುದ್ರಿಕೆಗಳಲ್ಲಿ ತೆಳುವಾದ, ಎತ್ತರದ ಕಂಠದವರು. ಗಂಟಲಿನ ಚಿಕಿತ್ಸೆಯ ನಂತರ ಅವರ ಕಂಠ ಗಂಡಸರದಷ್ಟು ಗಂಭೀರವಾಯಿತು. ಅವರು ಅದನ್ನು ಮರೆಮಾಚಲಿಲ್ಲ. ಕಿರಾನಾ ಘರಾಣೆಯ ವಿಲಂಬಿತ ಆಲಾಪಕ್ಕೆ ಅದನ್ನೇ ಬಲವಾಗಿ ಮಾಡಿಕೊಂಡರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು (1924–1992) ಕ್ಷಯಕ್ಕೆ ತುತ್ತಾಗಿ 1948ರಲ್ಲಿ ದೇವಾಸಕ್ಕೆ ಹೋದವರು ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಚಿಕಿತ್ಸೆಯಿಂದ ಗುಣವಾದರೂ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಅನಂತರದ ಅವರ ಹಾಡಿಕೆಯಲ್ಲಿ ಕೇಳುವ ಚಿಕ್ಕ, ಚೂಪಾದ ಸ್ವರಗುಚ್ಛಗಳು, ನಡುವಿನ ಮೌನಗಳು ಉಳಿದ ಉಸಿರಿನ ಅಳತೆಗೆ ಒಪ್ಪುವಂಥವು. ಕೇಳುವವರಿಗೆ ಅಲ್ಲಿ ಕೊರತೆ ಕಾಣುವುದಿಲ್ಲ, ಶೈಲಿ ಕಾಣುತ್ತದೆ.

ಯೂರೋಪಿನಲ್ಲಿ ಬೆಳೆದ ಪದ್ಧತಿಗಳು

ದೇಹಶಿಕ್ಷಣವನ್ನು ಸಂಗೀತಶಾಲೆಯ ಪಠ್ಯದೊಳಗೆ ತಂದವರಲ್ಲಿ ಮೊದಲಿಗರು ಸ್ವಿಸ್ ಸಂಗೀತಗಾರ ಎಮಿಲ್ ಜಾಕ್-ಡಾಲ್‌ಕ್ರೋಜ್ (1865–1950). 1892ರಿಂದ ಜಿನೀವಾದಲ್ಲಿ ಪಾಠ ಹೇಳುತ್ತಿದ್ದಾಗ, ಲಯದ ಲೆಕ್ಕವನ್ನು ಕಾಗದದ ಮೇಲೆ ಸರಿಯಾಗಿ ಮಾಡುವ ವಿದ್ಯಾರ್ಥಿಗಳಿಗೆ ನುಡಿಸುವಾಗ ಲಯ ನಿಲ್ಲುತ್ತಿಲ್ಲವೆಂಬುದನ್ನು ಅವರು ಕಂಡರು. ಅವರನ್ನು ಎಬ್ಬಿಸಿ, ಸಂಗೀತಕ್ಕೆ ತಕ್ಕಂತೆ ನಡೆಸಿ, ಕೈ ಬೀಸಿಸಿ, ತಟ್ಟನೆ ನಿಲ್ಲಿಸಿ ಲಯವನ್ನು ಮೈಯಿಂದ ಕಲಿಸುವ ‘ಯೂರಿದ್ಮಿಕ್ಸ್’ ಪದ್ಧತಿ ಹೀಗೆ ಹುಟ್ಟಿತು. ಡ್ರೆಸ್ಡೆನ್ ಬಳಿಯ ಹೆಲ್ಲರೌ ಅದರ ಪ್ರಸಿದ್ಧ ಕೇಂದ್ರವಾಗಿತ್ತು. 1915ರಲ್ಲಿ ಜಿನೀವಾದಲ್ಲಿ ಅವರ ಹೆಸರಿನ ಸಂಸ್ಥೆ ಆರಂಭವಾಯಿತು. ಮೊದಲ ಪಾಠದಿಂದಲೇ ತೊಡೆಯ ಮೇಲೆ ತಾಳ ಹಾಕಿಸುವ ನಮ್ಮ ಪದ್ಧತಿಗೆ ಇದು ತೀರ ಹೊಸದೆನಿಸದು. ಆದರೆ ನಮ್ಮಲ್ಲಿ ಲಯ ಬಲಗೈಯಲ್ಲೇ ಉಳಿದುಬಿಡುತ್ತದೆ, ಇಡೀ ಮೈಗೆ ಇಳಿಯುವುದು ಭರತನಾಟ್ಯವನ್ನೋ ಯಕ್ಷಗಾನವನ್ನೋ ಜೊತೆಗೆ ಕಲಿತವರಲ್ಲಿ ಮಾತ್ರ.

ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್ (1869–1955) ಸಂಗೀತಗಾರರಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದ ವಾಚನ ಕಲಾವಿದ. ವೇದಿಕೆಯಲ್ಲಿ ಗಂಟಲು ಕಟ್ಟಿಕೊಳ್ಳುತ್ತಿತ್ತು, ವೈದ್ಯರಿಗೆ ಕಾರಣ ಸಿಗಲಿಲ್ಲ. ಕನ್ನಡಿಗಳ ಮುಂದೆ ನಿಂತು ತನ್ನನ್ನೇ ಬಹುಕಾಲ ಗಮನಿಸಿದಾಗ, ಬಾಯಿ ತೆರೆಯುವ ಮುಂಚೆಯೇ ತಾನು ತಲೆಯನ್ನು ಹಿಂದಕ್ಕೆ ಎಳೆಯುತ್ತಿರುವುದು, ಧ್ವನಿಪೆಟ್ಟಿಗೆಯನ್ನು ಅದುಮುತ್ತಿರುವುದು, ಸದ್ದು ಮಾಡುತ್ತ ಉಸಿರೆಳೆಯುತ್ತಿರುವುದು ಅವರಿಗೆ ಗೊತ್ತಾಯಿತು. ವಕ್ರೀ, ಸೂತ್ಕಾರಿಗಳ ವರ್ಣನೆಗೆ ಇದು ಎಷ್ಟು ಹತ್ತಿರವಿದೆಯೆಂದು ಓದುಗರು ನೋಡಬಹುದು. ಸರಿಯಾದ ಭಂಗಿಯನ್ನು ಬಲವಂತವಾಗಿ ತಂದುಕೊಳ್ಳುವ ಬದಲು, ತಪ್ಪಾದ ಬಿಗಿತ ಹುಟ್ಟುವ ಕ್ಷಣದಲ್ಲೇ ಅದನ್ನು ತಡೆಯುವುದು ಅಲೆಕ್ಸಾಂಡರ್ ಪದ್ಧತಿಯ ತಿರುಳು. 1904ರಲ್ಲಿ ಅವರು ಲಂಡನ್‌ಗೆ ಬಂದು ನೆಲೆಸಿದರು. ಅಲ್ಲಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದಂತೆ ಹಲವು ಸಂಗೀತಶಾಲೆಗಳಲ್ಲಿ ಈ ಪಾಠವಿದೆ. ಮೋಶೆ ಫೆಲ್ಡನ್‌ಕ್ರೈಸ್ (1904–1984) ಅವರ ನಿಧಾನಚಲನೆಯ ಪಾಠಗಳು, ತನ್ನ ಎಲುಬು ಕೀಲುಗಳ ನಿಜವಾದ ನಕ್ಷೆಯನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳುವ ‘ಬಾಡಿ ಮ್ಯಾಪಿಂಗ್’ ಇವೂ ಬಳಕೆಯಲ್ಲಿವೆ. ಯೋಗಾಸನ, ಪ್ರಾಣಾಯಾಮಗಳು ನಮ್ಮಲ್ಲಿ ಇದೇ ಕೆಲಸಕ್ಕೆ ಬರುತ್ತವೆ. ಬೆಳಗ್ಗೆ ಆಸನ ಹಾಕಿದವನು ಸಂಜೆ ತಂಬೂರಿ ಹಿಡಿದಾಗ ಗೂನಾಗಿಯೇ ಕೂತರೆ ಆಸನದ ಫಲ ಸಂಗೀತಕ್ಕೆ ಬಂದಂತಾಗದು. ವಾದ್ಯ ಕೈಯಲ್ಲಿರುವಾಗಲೇ ನಡೆಯುವ ತಿದ್ದುಪಡಿಗೆ ಬೇರೆ ಬೆಲೆಯಿದೆ.

ವೇದಿಕೆಯ ಮೇಲೆ

ಕರ್ನಾಟಕ ಸಂಗೀತ ಕಛೇರಿಯಲ್ಲಿ ಹಾಡುಗಾರರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು, ಹಿಂದೆ ತಂಬೂರಿ, ಜೊತೆಗೆ ಘಟವೋ ಖಂಜಿರವೋ ಇರುವುದು ವಾಡಿಕೆ. ಬಲಕ್ಕೆ ಕೂತು ಹಾಡುಗಾರರತ್ತ ಮುಖ ಮಾಡಿದ ಮೃದಂಗದವರ ಬಲಮುಚ್ಚಳಿಕೆ ಶ್ರೋತೃಗಳ ಕಡೆಗಿರುತ್ತದೆ. ನಾದವೂ ಮುಂದೆ ಹೋಗುತ್ತದೆ, ಕಣ್ಣೂ ಹಾಡುಗಾರರ ಮೇಲಿರುತ್ತದೆ. ಎಡಗೈ ವಾದಕರಾಗಿದ್ದ ಮೃದಂಗ ವಿದ್ವಾನ್ ಪಳನಿ ಸುಬ್ರಮಣ್ಯ ಪಿಳ್ಳೈ ಅವರಿಗೆ ಈ ವ್ಯವಸ್ಥೆ ತಿರುವುಮುರುವಾಗಬೇಕಿತ್ತು, ಪಿಟೀಲಿನವರು ಜಾಗ ಬದಲಿಸಬೇಕಿತ್ತು. ಕೂರುವ ಸ್ಥಾನವೆಂದರೆ ನೋಟದ ದಾರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಹಾಡುಗಾರರ ಬಲಗೈ ಈ ವೇದಿಕೆಯ ಮುಖ್ಯ ಭಾಷೆ. ಆದಿತಾಳದಲ್ಲಿ ಒಂದು ಘಾತ, ಕಿರುಬೆರಳಿನಿಂದ ಮೊದಲುಗೊಂಡು ಮೂರು ಎಣಿಕೆ, ಆಮೇಲೆ ಎರಡು ಸಲ ಘಾತ ಮತ್ತು ಉಸಿ. ಇದು ತನಗಾಗಿ ಇಟ್ಟುಕೊಂಡ ಲೆಕ್ಕ ಮಾತ್ರವಲ್ಲ. ಪಕ್ಕವಾದ್ಯದವರಿಗೂ ಮುಂದಿನ ಸಾಲಿನ ರಸಿಕರಿಗೂ ತೆರೆದಿಟ್ಟ ಬರಹ. ವಿದ್ಯಾರ್ಥಿ ಕಷ್ಟದ ಸಂಗತಿ ಬಂದಾಗ ಬೆರಳೆಣಿಕೆಯನ್ನು ನುಂಗಿಬಿಟ್ಟರೆ ಮೃದಂಗದವರ ಕಣ್ಣು ಕತ್ತಲಾದಂತೆ.

ತನಿ ಆವರ್ತನದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಪಲ್ಲವಿಯ ಸಾಲನ್ನು ನಿಲ್ಲಿಸಿ ಹಾಡುಗಾರ ಮೃದಂಗದತ್ತ ಅಂಗೈ ಚಾಚುತ್ತಾನೆ. ಅಲ್ಲಿಂದ ಮುಂದೆ ಅವನ ಕೆಲಸ ತಾಳ ಹಾಕುವುದೊಂದೇ. ಮೃದಂಗದವರು ಚತುರಶ್ರದಿಂದ ತಿಶ್ರಕ್ಕೋ ಖಂಡಕ್ಕೋ ನಡೆ ಬದಲಿಸುತ್ತಾರೆ. ಹೊಸಬನ ಕೈ ಆ ನಡೆಯ ಹಿಂದೆಯೇ ಎಳೆದುಕೊಂಡು ಹೋಗಲು ತವಕಿಸುತ್ತದೆ, ಗೊತ್ತಿಲ್ಲದೆಯೇ ಕಾಲಪ್ರಮಾಣ ಏರುತ್ತದೆ. ಘಟ, ಖಂಜಿರಗಳೊಡನೆ ಸರದಿ ನಡೆದು, ಸರದಿಗಳು ಚಿಕ್ಕದಾಗುತ್ತ ಬಂದು, ಎಲ್ಲರೂ ಕೂಡಿ ಮೊಹರಾ ನುಡಿಸಿದಾಗ ಇನ್ನೇನು ಮುಗಿಯುತ್ತದೆಂಬ ಸೂಚನೆ. ಆಮೇಲೆ ಮುಕ್ತಾಯ ಮೂರು ಸಲ ಬರುತ್ತದೆ. ಎತ್ತುಗಡೆ ಸಮದಲ್ಲಿರದೆ ಅರ್ಧ ಅಕ್ಷರ ಕಳೆದಿದ್ದರೆ ಮುಕ್ತಾಯದ ಕೊನೆಯ ಪೆಟ್ಟು ಅಲ್ಲಿಗೇ ಬೀಳಬೇಕು, ಅಲ್ಲಿಂದಲೇ ಹಾಡು ಏಳಬೇಕು. ಆ ಕ್ಷಣಕ್ಕೆ ಮುಂಚೆ ಅನುಭವಸ್ಥರು ಮಾಡುವುದನ್ನು ನೋಡಿ: ಮೂರನೆಯ ಸಲ ಮುಕ್ತಾಯ ಆರಂಭವಾದೊಡನೆ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ, ಉಸಿರು ಸದ್ದಿಲ್ಲದೆ ತುಂಬಿಕೊಳ್ಳುತ್ತದೆ, ಗದ್ದ ಮೃದಂಗದತ್ತ ಒಂದಿಷ್ಟು ತಿರುಗುತ್ತದೆ. ಪಿಟೀಲಿನವರು ಆ ಉಸಿರನ್ನು ನೋಡಿಯೇ ಕಮಾನು ಎತ್ತುತ್ತಾರೆ. ದೇಹಪ್ರಜ್ಞೆ, ಸಂವಹನ ಎರಡೂ ಒಂದೇ ಎಂದದ್ದು ಇದನ್ನೇ.

ಮೈಕ್ ಬಂದ ಮೇಲೆ ಹೊಸ ತೊಡಕೊಂದು ಸೇರಿದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಾದ ದೂರಕ್ಕೆ ಮುಟ್ಟಬೇಕೆಂದೇ ಮೈಸೂರು ಟಿ. ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು. ಇಂದು ಮುಟ್ಟಿಸುವ ಕೆಲಸ ಮೈಕ್‌ನದು, ಆದರೆ ಅದು ಕಲಾವಿದನನ್ನು ಒಂದು ಬಿಂದುವಿಗೆ ಕಟ್ಟಿಹಾಕಿದೆ. ಪಕ್ಕವಾದ್ಯದವರತ್ತ ಪ್ರೀತಿಯಿಂದ ಇಡೀ ಮುಖ ತಿರುಗಿಸಿದ ವಿದ್ಯಾರ್ಥಿಯ ಸ್ವರ ಸಭೆಗೆ ಕೇಳಿಸದೆ ಹೋಗುತ್ತದೆ. ಬಾಯಿ ಮೈಕ್‌ನ ಮುಂದೆಯೇ ಇದ್ದು ಕಣ್ಣು ಮಾತ್ರ ಹೊರಳುವಂತೆ, ಅಥವಾ ಸ್ವರ ನಿಂತ ಎಡೆಯಲ್ಲಿ ಕತ್ತು ತಿರುಗುವಂತೆ ಅಭ್ಯಾಸ ಮಾಡಿಸುವುದು ಇಂದಿನ ಪಾಠದ ಭಾಗವಾಗಬೇಕು.

ಯಕ್ಷಗಾನದ ಭಾಗವತರನ್ನು ಮೊದಲ ವೇಷಧಾರಿ ಎನ್ನುವ ರೂಢಿ ಈ ವಿಷಯಕ್ಕೆ ಒಳ್ಳೆಯ ಸಾಕ್ಷಿ. ರಂಗಸ್ಥಳದ ಹಿಂಭಾಗದಲ್ಲಿರುವ ಭಾಗವತರಿಗೆ ಎದುರಿನ ವೇಷಧಾರಿಯ ಬೆನ್ನೇ ಹೆಚ್ಚು ಹೊತ್ತು ಕಾಣುವುದು. ಹೆಗಲು, ಹೆಜ್ಜೆಗಳನ್ನು ನೋಡಿಯೇ ಪದ ಎತ್ತಬೇಕು, ನಿಲ್ಲಿಸಬೇಕು, ಚೆಂಡೆ ಮದ್ದಳೆಯವರಿಗೆ ಸೂಚನೆ ಕೊಡಬೇಕು. ಹಾಗಾಗಿ ಹಿಮ್ಮೇಳದವರು ಹೆಜ್ಜೆಗಾರಿಕೆಯನ್ನೂ ತಿಳಿದಿರಬೇಕೆಂಬ ನಿರೀಕ್ಷೆ ಆ ಕಲೆಯಲ್ಲಿದೆ. ಶಾಸ್ತ್ರೀಯ ಸಂಗೀತದ ಶಾಲೆಗಳು ಇದನ್ನು ಎರವಲು ಪಡೆದರೆ ತಪ್ಪೇನಿಲ್ಲ.

ಕಣ್ಣೋಟವೇ ಸಂವಹನದ ಸರ್ವಸ್ವವೂ ಅಲ್ಲ. ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ದೃಷ್ಟಿಯಿಲ್ಲದ ಕಲಾವಿದರಿಗೆ ಜೊತೆಯವರ ಉಸಿರು, ನಾದದ ತೂಕ, ಠೇಕಾದ ಮೈಬಣ್ಣ ಇವೇ ಸೂಚನೆಗಳು. ತೀನ್‌ತಾಲದ 16 ಮಾತ್ರೆಗಳಲ್ಲಿ ಖಾಲಿಯ ಭಾಗಕ್ಕೆ ಬಂದಾಗ ತಬಲಾದವರ ಎಡಗೈಯ ಡಗ್ಗದ ಗುಂಗು ಮರೆಯಾಗುತ್ತದೆ, ಮತ್ತೆ ಗುಂಗು ಮರಳಿದಾಗ ಸಮ ಹತ್ತಿರವಾಯಿತೆಂದು ಕಿವಿಗೆ ತಿಳಿಯುತ್ತದೆ. ಕಣ್ಣಿದ್ದವರೂ ಆಗಾಗ ದೀಪ ಆರಿಸಿ ಜೊತೆಯಾಗಿ ಸಾಧಕ ಮಾಡಿದರೆ ಈ ಕಿವಿ ತೆರೆಯುತ್ತದೆ.

ಶ್ರೋತೃಗಳು ನೋಡುವುದು

ಕೇಳುವವರು ನೋಡುತ್ತಲೂ ಇರುತ್ತಾರೆ. ಜೇನ್ ಡೇವಿಡ್‌ಸನ್ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾದಕರು ಒಂದೇ ರಚನೆಯನ್ನು ಭಾವವಿಲ್ಲದೆ, ಸಹಜ ಭಾವದಿಂದ, ಉತ್ಪ್ರೇಕ್ಷೆಯಿಂದ ಹೀಗೆ ಮೂರು ಬಗೆಯಲ್ಲಿ ನುಡಿಸಿದರು. ಧ್ವನಿಯಿಲ್ಲದ ಚಿತ್ರ ನೋಡಿದವರು ಈ ಮೂರನ್ನು ಬರಿಯ ಧ್ವನಿ ಕೇಳಿದವರಿಗಿಂತ ಸ್ಪಷ್ಟವಾಗಿ ಗುರುತಿಸಿದರು. 2013ರಲ್ಲಿ ಚಿಯಾ-ಜುಂಗ್ ತ್ಸೈ ಪ್ರಕಟಿಸಿದ ಪ್ರಯೋಗಗಳಲ್ಲಿ ಸಂಗೀತ ಸ್ಪರ್ಧೆಗಳ ನಿಜವಾದ ವಿಜೇತರನ್ನು ಮೂಕಚಿತ್ರ ನೋಡಿದವರೇ ಹೆಚ್ಚು ಸರಿಯಾಗಿ ಊಹಿಸಿದರು. ವೃತ್ತಿಪರ ಸಂಗೀತಗಾರರ ವಿಷಯದಲ್ಲೂ ಹೀಗೆಯೇ ಆಯಿತು. ಸ್ಪರ್ಧೆಯ ತೀರ್ಪುಗಾರರು ಇದನ್ನು ಓದಿ ಎಚ್ಚರವಾಗಬೇಕು. ವಿದ್ಯಾರ್ಥಿಗಳು ಇದನ್ನು ನಟನೆಗೆ ಪರವಾನಗಿ ಎಂದುಕೊಳ್ಳಬಾರದು.

ಹಾಡುವಾಗಿನ ಕೈಚಲನೆಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅಂಗಚೇಷ್ಟೆ ಕಡಿಮೆಯಿದ್ದಷ್ಟೂ ಚೆನ್ನ ಎಂಬುದು ಶಾಸ್ತ್ರಕಾರನ ನಿಲುವು. ಆದರೆ ಗದುಗಿನ ನಾಡಿನ ಭೀಮಸೇನ ಜೋಶಿಯವರು (1922–2011) ತಾನ್ ಎತ್ತುವಾಗ ಇಡೀ ಮೈಯನ್ನೇ ತೊಡಗಿಸುತ್ತಿದ್ದುದನ್ನು ಕಂಡವರು ಅದನ್ನು ದೋಷವೆಂದಾರೆ? ಮ್ಯಾಥ್ಯೂ ರಹೇಮ್ 2012ರ ತಮ್ಮ ಗ್ರಂಥದಲ್ಲಿ ಹಿಂದೂಸ್ತಾನಿ ಗಾಯಕರ ಕೈಗಳು ಸ್ವರದ ಹಾದಿಯನ್ನೇ ಗಾಳಿಯಲ್ಲಿ ಬರೆಯುತ್ತವೆ, ಶಿಷ್ಯರು ರಾಗದ ಜೊತೆಗೆ ಗುರುವಿನ ಈ ಚಲನೆಗಳನ್ನೂ ತಿಳಿಯದೆ ಪಡೆಯುತ್ತಾರೆ ಎಂದು ತೋರಿಸಿದ್ದಾರೆ. ಸ್ವರದೊಡನೆ ಹುಟ್ಟಿ ಸ್ವರಕ್ಕೆ ನೆರವಾಗುವ ಚಲನೆ ಬೇರೆ, ಸ್ವರ ಸಿಗದಿದ್ದಾಗ ಅದನ್ನು ಹಿಡಿಯಲು ಹೋಗುವ ಚಲನೆ ಬೇರೆ. ಮೊದಲನೆಯದರಲ್ಲಿ ಕೊರಳು ಸಡಿಲವಾಗಿರುತ್ತದೆ, ಎರಡನೆಯದರಲ್ಲಿ ಬಿಗಿದಿರುತ್ತದೆ. ಗುರು ನೋಡಬೇಕಾದದ್ದು ಕೈಯನ್ನಲ್ಲ, ಕೊರಳನ್ನು. ಕಣ್ಣು ಮುಚ್ಚುವ ವಿಚಾರವೂ ಹೀಗೆಯೇ. ಆಲಾಪನೆಯಲ್ಲಿ ಒಳಗಿವಿಯಿಂದ ಕೇಳಿಕೊಳ್ಳಲು ಕಣ್ಣು ಮುಚ್ಚಿದರೆ ಒಪ್ಪತಕ್ಕದ್ದೇ, ಕಲ್ಪನಾಸ್ವರದ ಸರದಿಯಲ್ಲಿ ಮುಚ್ಚಿದರೆ ಪಿಟೀಲಿನವರ ಮೇಲೆ ಕದ ಹಾಕಿದ ಹಾಗೆ.

ಅಂಜಿಕೆ

ವೇದಿಕೆ ಹತ್ತಿದಾಗ ಅಡ್ರಿನಲಿನ್ ಏರಿ ಎದೆ ಡವಡವಿಸುವುದು, ಬಾಯಿ ಒಣಗುವುದು, ಬೆರಳು ತಣ್ಣಗಾಗುವುದು ಎಲ್ಲರಿಗೂ ಆಗುವ ದೇಹಧರ್ಮ. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ನೆಲೆಗೊಳಿಸಿದ ಕಛೇರಿ ಕ್ರಮದಲ್ಲಿ ವರ್ಣ ಮೊದಲು ಬರುವುದು ಇಲ್ಲಿ ನೆರವಾಗುತ್ತದೆ: ಬಾಯಿಪಾಠವಾದ ರಚನೆ, ಎರಡು ಕಾಲ, ಮೂರೂ ಸ್ಥಾಯಿ, ಮನಸ್ಸು ನೆಲೆಗೊಳ್ಳುವಷ್ಟರಲ್ಲಿ ಕಂಠ ಬಿಸಿಯಾಗಿರುತ್ತದೆ. ಪಶ್ಚಿಮದ ವಾದ್ಯವೃಂದಗಳಲ್ಲಿ ಕೆಲವರು ಪ್ರೊಪ್ರನೊಲಾಲ್ ಮಾತ್ರೆ ತೆಗೆದುಕೊಳ್ಳುವುದುಂಟು. ಉಬ್ಬಸವಿರುವವರಿಗೆ ಅದು ಅಪಾಯಕಾರಿ, ವೈದ್ಯರನ್ನು ಕೇಳದೆ ಮುಟ್ಟಬಾರದು. ಎಳೆಯರಿಗೆ ನಿಜವಾದ ಔಷಧಿ ಸಣ್ಣ ಸಭೆಗಳು. ಮನೆಯ ಗಣಪತಿ ಹಬ್ಬ, ಬೀದಿಯ ರಾಮೋತ್ಸವ, ಗುರುವಿನ ಮನೆಯ ಪುರಂದರದಾಸರ ಆರಾಧನೆಯಲ್ಲಿ ಹತ್ತು ನಿಮಿಷ ಹಾಡಿ ಬೆಳೆದವರ ಮೈಗೆ ವೇದಿಕೆ ಪರಕೀಯವೆನಿಸುವುದಿಲ್ಲ.

ಪಾಠದ ಕೋಣೆಯಲ್ಲಿ

ಮೊಬೈಲಿನಲ್ಲಿ ಐದು ನಿಮಿಷದ ಹಾಡಿಕೆಯನ್ನು ಚಿತ್ರೀಕರಿಸಿ, ಮೊದಲು ಸದ್ದಿಲ್ಲದೆ ನೋಡಿ, ಆಮೇಲೆ ನೋಡದೆ ಕೇಳಿದರೆ ಮೈ ಬಿಗಿದ ಕಡೆಯೇ ಸ್ವರವೂ ಕುಂದಿರುವುದು ವಿದ್ಯಾರ್ಥಿಗೇ ಎದ್ದು ಕಾಣುತ್ತದೆ. ಗುಂಪಿನ ಪಾಠದಲ್ಲಿ ಒಬ್ಬರು ಹಾಡುವಾಗ ಇನ್ನೊಬ್ಬರಿಂದ ತಾಳ ಹಾಕಿಸುವುದು, ಹಾಡುವವನಿಂದ ಜತಿ ಹೇಳಿಸುವುದು, ಜಾಗ ಬದಲಿಸಿ ಕೂರಿಸುವುದು ಖರ್ಚಿಲ್ಲದ ಉಪಾಯಗಳು. ಭಂಗಿ ತಿದ್ದಲು ಮೈ ಮುಟ್ಟುವ ಮುಂಚೆ ಗುರು ಕೇಳಿ ಒಪ್ಪಿಗೆ ಪಡೆಯಬೇಕು. ಮಾತಿನಲ್ಲಿ ಹೇಳಬಹುದಾದದ್ದನ್ನು, ತಾನೇ ಕೂತು ತೋರಿಸಬಹುದಾದದ್ದನ್ನು ಮುಟ್ಟಿ ಹೇಳಬೇಕಿಲ್ಲ.

ನೋವು ಮತ್ತು ಚಿಕಿತ್ಸೆ

ರಾಬರ್ಟ್ ಶೂಮನ್ (1810–1856) ಬಲಗೈ ಬೆರಳಿನ ತೊಂದರೆಯಿಂದ ಪಿಯಾನೊ ವಾದನದ ಆಸೆ ಬಿಟ್ಟು ರಚನೆಗೆ ತಿರುಗಿದರು. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ (1928–2020) ಅವರ ಬಲಗೈಯ ಎರಡು ಬೆರಳುಗಳು 1960ರ ದಶಕದ ಮಧ್ಯದಲ್ಲಿ ತಾವಾಗಿ ಒಳಕ್ಕೆ ಸುರುಳಿಕೊಳ್ಳತೊಡಗಿದವು. ಮೂವತ್ತು ವರ್ಷ ಅವರು ಎಡಗೈ ರಚನೆಗಳನ್ನು ನುಡಿಸುತ್ತ, ಪಾಠ ಹೇಳುತ್ತ, ವೃಂದ ನಿರ್ದೇಶಿಸುತ್ತ ಇದ್ದು ಚಿಕಿತ್ಸೆಯ ನಂತರವೇ ಎರಡೂ ಕೈಗಳ ವಾದನಕ್ಕೆ ಮರಳಿದರು. 1980ರ ದಶಕದ ಕೊನೆಯಲ್ಲಿ ಅಮೆರಿಕದ 48 ವಾದ್ಯವೃಂದಗಳ 2,212 ಕಲಾವಿದರ ಸಮೀಕ್ಷೆಯಲ್ಲಿ 76 ಪ್ರತಿಶತ ಮಂದಿ ವಾದನಕ್ಕೆ ಅಡ್ಡಿಯಾಗುವಂಥ ಒಂದಾದರೂ ದೈಹಿಕ ತೊಂದರೆಯನ್ನು ವರದಿ ಮಾಡಿದ್ದರು. ಕಲಾವಿದರ ವೈದ್ಯಕೀಯ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದದ್ದು ಇದೇ ಕಾಲದಲ್ಲಿ.

ಕಲಿಯುವವರಲ್ಲಿ ಹೆಚ್ಚಿನ ನೋವು ಸಾಧಕದ ಅವಧಿಯನ್ನು ಒಮ್ಮೆಲೇ ಏರಿಸುವುದರಿಂದ ಬರುತ್ತದೆ. ಪರೀಕ್ಷೆಯೋ ಸ್ಪರ್ಧೆಯೋ ಹತ್ತಿರವಾದಾಗ ದಿನಕ್ಕೆ ಒಂದು ಗಂಟೆ ನುಡಿಸುತ್ತಿದ್ದವರು ಐದು ಗಂಟೆಗೆ ಜಿಗಿಯುತ್ತಾರೆ. ಮಣಿಕಟ್ಟಿನ ಸ್ನಾಯುರಜ್ಜುಗಳು ಅದಕ್ಕೆ ತಯಾರಿರುವುದಿಲ್ಲ. ಅರ್ಧ ಗಂಟೆಗೊಮ್ಮೆ ವಾದ್ಯ ಕೆಳಗಿಟ್ಟು ಎದ್ದು ನಾಲ್ಕು ಹೆಜ್ಜೆ ನಡೆದು, ಆ ಹೊತ್ತಿನಲ್ಲಿ ರಚನೆಯನ್ನು ಮನಸ್ಸಿನಲ್ಲೇ ಓಡಿಸಿಕೊಂಡರೆ ಸಾಧಕಕ್ಕೆ ನಷ್ಟವಿಲ್ಲ. ಬೆರಳ ತುದಿಯ ಉರಿ, ಜಡ್ಡು ವೀಣೆ, ಪಿಟೀಲುಗಳಲ್ಲಿ ಸಹಜ. ಕೀಲಿನ ನೋವು, ಜೋಮು, ರಾತ್ರಿ ನಿದ್ದೆ ಕೆಡಿಸುವ ಸೆಳೆತ ಸಹಜವಲ್ಲ. ಎತ್ತರದ ಶ್ರುತಿಯಲ್ಲಿ ಕೂಗಿ ಹಾಡುವವರ ಧ್ವನಿತಂತುಗಳಲ್ಲಿ ಗಂಟುಗಳು ಮೂಡಬಹುದು, ಬೇಗ ಗುರುತಿಸಿದರೆ ವಿಶ್ರಾಂತಿ ಮತ್ತು ಧ್ವನಿಚಿಕಿತ್ಸೆಯಿಂದಲೇ ಅವು ಕರಗುವುದುಂಟು. ಗಂಟಲು ಒಡೆದು ಮೂರು ವಾರ ಕಳೆದರೂ ತಿಳಿಯಾಗದಿದ್ದರೆ ಕಷಾಯ, ಕಲ್ಲುಸಕ್ಕರೆಗಳಲ್ಲಿ ದಿನ ದೂಡದೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಧ್ವನಿಪೆಟ್ಟಿಗೆಯನ್ನು ನೋಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಗುರು ಆ ವಿದ್ಯಾರ್ಥಿಯನ್ನು ಹಾಡಿಸದೆ ಕೇಳಿಸುವ ಪಾಠದಲ್ಲಿ ಕೂರಿಸಬಹುದು.